ಬದಲಾದ ಕಾಲದಲ್ಲಿ ಸಭಾಪಾಲಕರು: ಚರ್ಚ್ ನಾಯಕತ್ವದ ಮುಂದಿರುವ ಸವಾಲುಗಳು

ಭಾನುವಾರದ ಆರಾಧನೆ ನಡೆಸಿ, ಪ್ರಸಂಗ ಮಾಡಿದರೆ ಸಭಾಪಾಲಕರ ಕೆಲಸ ಮುಗಿಯಿತು ಎಂಬುದು ಹೊರಗಿನವರ ಸಾಮಾನ್ಯ ಭಾವನೆ. ವಾಸ್ತವದಲ್ಲಿ ಅವರ ನಿಜವಾದ ಸೇವೆ ಆರಂಭವಾಗುವುದು ವಾರದ ಉಳಿದ ದಿನಗಳಲ್ಲಿ. ರೋಗಿಗಳ ಭೇಟಿ, ಮನೆಗಳಲ್ಲಿ ಪ್ರಾರ್ಥನೆ, ಮದುವೆ, ಮರಣ, ಕುಟುಂಬ ಕಲಹ ಹೀಗೆ ಸಭಿಕರ ಬದುಕಿನ ಪ್ರತಿ ತಿರುವಿನಲ್ಲೂ ಅವರಿರಬೇಕು. ಆದರೆ ಇಂದು ಈ ಸೇವೆಗೆ ಮೀಸಲಾಗಬೇಕಾದ ಸಮಯವನ್ನು ಕಡತ, ಲೆಕ್ಕಪತ್ರ ಹಾಗೂ ಸಮಿತಿ ಸಭೆಗಳು ಕಸಿದುಕೊಳ್ಳುತ್ತಿವೆ. ರಾಜ್ಯದ ಪ್ರಾಟೆಸ್ಟೆಂಟ್ ಸಭೆಗಳ ನಾಯಕತ್ವ ಎದುರಿಸುತ್ತಿರುವ ಮೂಲ ಪ್ರಶ್ನೆ ಇದೇ.

ಹಿನ್ನೆಲೆ

ಬಾಸೆಲ್ ಮಿಷನ್ನಿನ ಮೊದಲ ತಂಡ ಮಂಗಳೂರಿಗೆ ಬಂದದ್ದು 1834ರಲ್ಲಿ. ಶಾಲೆ, ಮುದ್ರಣಾಲಯ, ನೇಯ್ಗೆ, ಹೆಂಚಿನ ಕಾರ್ಖಾನೆಗಳ ಸುತ್ತ ಬೆಳೆದ ಆ ಸಭೆಗಳಲ್ಲಿ ಸಭಾಪಾಲಕರೆಂದರೆ ಬೋಧಕರೂ ಹೌದು, ಊರ ಹಿರಿಯರೂ ಹೌದು. ಮೊದಲ ಮಹಾಯುದ್ಧದ ಕಾಲದಲ್ಲಿ ಜರ್ಮನ್ ಮಿಷನರಿಗಳು ನಾಡು ತೊರೆಯಬೇಕಾಗಿ ಬಂದಾಗ ಹೊಣೆ ಸ್ಥಳೀಯರ ಹೆಗಲಿಗೆ ಬಿತ್ತು. ಕಾಲದ ಬದಲಾವಣೆ ಈ ಸಭೆಗಳಿಗೆ ಹೊಸದೇನಲ್ಲ.

1947ರ ಸೆಪ್ಟೆಂಬರ್ 27ರಂದು ಆಂಗ್ಲಿಕನ್, ಮೆಥಡಿಸ್ಟ್ ಮತ್ತಿತರ ಪರಂಪರೆಗಳು ಒಂದಾಗಿ ದಕ್ಷಿಣ ಭಾರತ ಸಭೆ, ಅಂದರೆ ಸಿಎಸ್ಐ ರೂಪುಗೊಂಡಿತು. ಕರ್ನಾಟಕದಲ್ಲಿ ಇದಕ್ಕೆ ಉತ್ತರ, ಮಧ್ಯ ಹಾಗೂ ದಕ್ಷಿಣ ಎಂಬ ಮೂರು ಸಭಾಪ್ರಾಂತಗಳಿವೆ. 2011ರ ಜನಗಣತಿಯ ಪ್ರಕಾರ ಎಲ್ಲ ಪಂಗಡಗಳೂ ಸೇರಿ ರಾಜ್ಯದ ಕ್ರೈಸ್ತರ ಸಂಖ್ಯೆ ಸುಮಾರು 11.4 ಲಕ್ಷ, ಒಟ್ಟು ಜನಸಂಖ್ಯೆಯ ಶೇ 1.87.

ಕಾನೂನಿನ ಹೊಣೆ

ಮದುವೆ ನಡೆಸಿಕೊಡುವ ಸಭಾಪಾಲಕರು 1872ರ ಭಾರತೀಯ ಕ್ರೈಸ್ತ ವಿವಾಹ ಕಾಯ್ದೆಯಂತೆ ದಾಖಲೆ ಇಡಬೇಕು. 2012ರ ಪೋಕ್ಸೊ ಕಾಯ್ದೆ ಬಂದ ಮೇಲೆ, ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಿಳಿದುಬಂದರೆ ಪೊಲೀಸರಿಗೆ ವರದಿ ಮಾಡುವುದು ಎಲ್ಲರಂತೆ ಅವರಿಗೂ ಕಡ್ಡಾಯ. 'ಸಭೆಯೊಳಗೇ ಬಗೆಹರಿಸಿಕೊಳ್ಳೋಣ' ಎಂಬ ಹಳೆಯ ಮಾತಿಗೆ ಇಲ್ಲಿ ಎಡೆಯಿಲ್ಲ.

ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಗೆ 2020ರಲ್ಲಿ ತಂದ ತಿದ್ದುಪಡಿಯು ಆಡಳಿತ ವೆಚ್ಚದ ಮಿತಿಯನ್ನು ಶೇ 50ರಿಂದ 20ಕ್ಕೆ ಇಳಿಸಿತು. ಬಂದ ದೇಣಿಗೆಯನ್ನು ಬೇರೆ ಸಂಸ್ಥೆಗೆ ವರ್ಗಾಯಿಸುವುದನ್ನೂ ನಿಷೇಧಿಸಿತು. ಶಾಲೆ, ಆಸ್ಪತ್ರೆ, ವಸತಿನಿಲಯಗಳನ್ನು ನಡೆಸುವ ಸಭೆಗಳು ಸ್ಥಳೀಯ ಕಾಣಿಕೆಯನ್ನೇ ಹೆಚ್ಚು ನೆಚ್ಚಿಕೊಳ್ಳಬೇಕಾಯಿತು.

2022ರಲ್ಲಿ ರಾಜ್ಯದಲ್ಲಿ ಜಾರಿಗೆ ಬಂದ ಮತಾಂತರ ನಿಯಂತ್ರಣ ಕಾನೂನು, ಮತಾಂತರದ ವಿಧಿ ನಡೆಸುವವರು 30 ದಿನ ಮುಂಚೆ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕೆಂದು ವಿಧಿಸಿತು. ಅದನ್ನು ಹಿಂಪಡೆಯಲು ರಾಜ್ಯ ಸಚಿವ ಸಂಪುಟ 2023ರ ಜೂನ್‌ನಲ್ಲಿ ತೀರ್ಮಾನಿಸಿತು. 2008ರ ಸೆಪ್ಟೆಂಬರ್‌ನಲ್ಲಿ ಕರಾವಳಿಯಲ್ಲಿ ಚರ್ಚ್‌ಗಳ ಮೇಲೆ ನಡೆದ ದಾಳಿಗಳ ನೆನಪು ಇರುವ ಸಭೆಗಳಲ್ಲಿ, ಸಭಿಕರಿಗೆ ಧೈರ್ಯ ಹೇಳುವುದರ ಜೊತೆಗೆ ನೆರೆಹೊರೆಯವರ ವಿಶ್ವಾಸ ಉಳಿಸಿಕೊಳ್ಳುವ ಹೊಣೆಯೂ ಸಭಾಪಾಲಕರದೇ.

ಚುನಾವಣೆ ಮತ್ತು ನ್ಯಾಯಾಲಯ

ಸಿಎಸ್ಐ ಆಡಳಿತದ ಆಧಾರ ಚುನಾಯಿತ ಸಮಿತಿಗಳು. ಸಾಮಾನ್ಯ ಸಭಿಕರಿಗೂ ಅಧಿಕಾರದಲ್ಲಿ ಪಾಲು ಕೊಡುವ ಈ ವ್ಯವಸ್ಥೆಯ ಆಶಯ ಒಳ್ಳೆಯದೇ. ಆದರೆ ಆಸ್ತಿ ಮತ್ತು ಸಂಸ್ಥೆಗಳು ದೊಡ್ಡದಾದಂತೆ ಸ್ಪರ್ಧೆಯೂ ತೀವ್ರವಾಗಿದೆ. ಬಿಷಪ್‌ರ ನಿವೃತ್ತಿ ವಯಸ್ಸನ್ನು 67ರಿಂದ 70ಕ್ಕೆ ಏರಿಸಲು ಸಿನಾಡ್ 2022ರಲ್ಲಿ ಕೈಗೊಂಡ ತಿದ್ದುಪಡಿ ನ್ಯಾಯಾಲಯದ ಮೆಟ್ಟಿಲೇರಿತು. 2024ರಲ್ಲಿ ಮದ್ರಾಸ್ ಹೈಕೋರ್ಟ್ ಆಡಳಿತ ನೋಡಿಕೊಳ್ಳಲು ಇಬ್ಬರು ನಿವೃತ್ತ ನ್ಯಾಯಮೂರ್ತಿಗಳನ್ನು ನೇಮಿಸಿತು. ವಿವಾದ ಸುಪ್ರೀಂ ಕೋರ್ಟಿಗೂ ಹೋಯಿತು. ಇಂತಹ ವ್ಯಾಜ್ಯಗಳ ಬಿಸಿ ಕೊನೆಗೆ ತಟ್ಟುವುದು ಸಭಾಪಾಲಕರಿಗೆ. ಒಂದು ಗುಂಪಿಗೆ ಹತ್ತಿರವಾದರೆ ಇನ್ನೊಂದು ಗುಂಪಿನ ಮನೆಯ ಬಾಗಿಲು ಅವರಿಗೆ ಮುಚ್ಚುತ್ತದೆ.

ಯುವಜನ, ಭಾಷೆ, ಮಹಿಳೆ

ಉದ್ಯೋಗಕ್ಕಾಗಿ ಬೆಂಗಳೂರಿಗೆ ಬಂದ ಯುವಜನರು ಊರಿನ ಸಭೆಯ ಪಟ್ಟಿಯಲ್ಲಷ್ಟೇ ಉಳಿಯುತ್ತಾರೆ. ಹಡ್ಸನ್ ಸ್ಮಾರಕ ಚರ್ಚ್‌ನಂತಹ ಕಡೆ ಕನ್ನಡ ಆರಾಧನೆಯ ಪರಂಪರೆ ಮುಂದುವರಿದಿದೆ. ಆದರೆ ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ ಮಕ್ಕಳಿಗೆ ಹಳೆಯ ಕನ್ನಡ ಕೀರ್ತನೆಗಳ ಭಾಷೆ ಕಠಿಣವೆನಿಸುತ್ತದೆ. 2020ರ ಮಾರ್ಚ್‌ನ ಲಾಕ್‌ಡೌನ್ ಆರಾಧನೆಯನ್ನು ಮೊಬೈಲ್ ಪರದೆಗೆ ತಂದಿತು. ಅಂದಿನಿಂದ ಸಭಿಕರು ತಮ್ಮ ಸಭಾಪಾಲಕರ ಪ್ರಸಂಗವನ್ನು ದೂರದ ಖ್ಯಾತ ಬೋಧಕರ ಪ್ರಸಂಗದೊಂದಿಗೆ ಹೋಲಿಸುವುದು ಸುಲಭವಾಗಿದೆ. ಆದರೆ ಪರದೆಯ ಮೇಲಿನ ಬೋಧಕರು ಆಸ್ಪತ್ರೆಯ ಹಾಸಿಗೆಯ ಬಳಿಗೆ ಬರಲಾರರು.

ಸಿಎಸ್ಐನಲ್ಲಿ ಮಹಿಳೆಯರಿಗೆ ಗುರುದೀಕ್ಷೆ ಆರಂಭವಾದದ್ದು 1976ರಲ್ಲಿ. 2013ರಲ್ಲಿ ಆಂಧ್ರಪ್ರದೇಶದ ನಂದ್ಯಾಲ ಸಭಾಪ್ರಾಂತದ ಎಗ್ಗೋಣಿ ಪುಷ್ಪ ಲಲಿತಾ ಮೊದಲ ಮಹಿಳಾ ಬಿಷಪ್ ಆದರು. ಮೊದಲ ದೀಕ್ಷೆಯಿಂದ ಬಿಷಪ್ ಪೀಠದವರೆಗಿನ ಈ ದಾರಿಗೆ 37 ವರ್ಷ ಹಿಡಿಯಿತು.

ಮುಂದಿನ ದಾರಿ

ಲೆಕ್ಕಪತ್ರ, ಆಸ್ತಿ ಮತ್ತು ಕಾನೂನಿನ ಕೆಲಸವನ್ನು ಬಲ್ಲ ಸಭಿಕರಿಗೆ ವಹಿಸಿ ಪಾರದರ್ಶಕವಾಗಿ ನಡೆಸಿದರೆ ಸಭಾಪಾಲಕರ ಹೊರೆ ಇಳಿಯುತ್ತದೆ. ಆಪ್ತಸಮಾಲೋಚನೆ ಮತ್ತು ಮಕ್ಕಳ ಸುರಕ್ಷತೆಯ ತರಬೇತಿ ಅವರಿಗೆ ನಿರಂತರವಾಗಿ ದೊರೆಯಬೇಕು. ಕೆಲವು ವರ್ಷಗಳಿಗೊಮ್ಮೆ ವರ್ಗವಾಗಿ ಹೋಗುವ, ಎಲ್ಲರ ದುಃಖವನ್ನೂ ಕೇಳಬೇಕಾದ ಈ ವ್ಯಕ್ತಿಯ ದುಃಖ ಕೇಳುವವರು ಯಾರು ಎಂಬುದನ್ನೂ ಸಭೆ ಯೋಚಿಸಬೇಕು. ಕಟ್ಟಡ, ಸಂಸ್ಥೆಗಳನ್ನು ಸಮಿತಿಗಳು ಕಾಯಬಲ್ಲವು. ಕಷ್ಟದಲ್ಲಿರುವ ಮನೆಯ ಬಾಗಿಲು ತಟ್ಟಲು ಸಭಾಪಾಲಕರಿಗೆ ಬಿಡುವಿರಬೇಕು.