ಗ್ಯಾಸ್ಟಾರ್ನಿಸ್

ಸುಮಾರು 6ರಿಂದ 4.5 ಕೋಟಿ ವರ್ಷಗಳ ಹಿಂದೆ ಯುರೋಪು, ಉತ್ತರ ಅಮೆರಿಕ ಮತ್ತು ಏಷ್ಯಾಗಳಲ್ಲಿ ಬದುಕಿದ್ದ, ಹಾರಲಾರದ ದೈತ್ಯ ಹಕ್ಕಿ. ಎತ್ತರ ಸುಮಾರು 2 ಮೀಟರ್. ತೂಕ ನೂರು ಕಿಲೋಗ್ರಾಮಿಗೂ ಹೆಚ್ಚು. ಮೋಟುರೆಕ್ಕೆ, ದಪ್ಪ ಕಾಲು, ಭಾರವಾದ ತಲೆ, ಅದಕ್ಕೆ ತಕ್ಕ ಭಾರೀ ಕೊಕ್ಕು ಇದರ ಲಕ್ಷಣ. ಇಪ್ಪತ್ತನೆಯ ಶತಮಾನದ ಬಹುಪಾಲು ಕಾಲ ಇದನ್ನು ನಾಯಿಯಷ್ಟೇ ಗಾತ್ರದ ಆದಿಮ ಕುದುರೆಗಳನ್ನು ಅಟ್ಟಿಸಿಕೊಂಡು ಹೋಗಿ ಕೊಲ್ಲುವ ಬೇಟೆಗಾರನೆಂದು ಚಿತ್ರಿಸಲಾಯಿತು. 2001ರಲ್ಲಿ ಪ್ರಸಾರವಾದ ಬಿಬಿಸಿಯ ‘ವಾಕಿಂಗ್ ವಿತ್ ಬೀಸ್ಟ್ಸ್’ ಸರಣಿಯಲ್ಲೂ ಇದೇ ರೂಪ ಕಾಣಿಸಿತು. ಈಗ ದೊರೆತಿರುವ ಪುರಾವೆಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಆ ಚಿತ್ರ ನಿಲ್ಲುವುದಿಲ್ಲ. ಗ್ಯಾಸ್ಟಾರ್ನಿಸ್ ಕೋಳಿ ಮತ್ತು ಬಾತುಗಳ ವಂಶಕ್ಕೆ ಸೇರಿದ ಸಸ್ಯಾಹಾರಿ. ಇದರಲ್ಲಿ ಎರಡು ಬೇರೆ ಬೇರೆ ಮಾತುಗಳಿವೆ. ನಂಟು ತಿಳಿದ ಮಾತ್ರಕ್ಕೆ ಆಹಾರ ತಿಳಿಯುವುದಿಲ್ಲ. ಬೇಟೆಯಾಡುವ ಚಾಣ, ಹಣ್ಣು ಕಾಳು ತಿನ್ನುವ ಗಿಳಿಗೆ ಹತ್ತಿರದ ಸಂಬಂಧಿಯೆಂದು ಡಿಎನ್‌ಎ ಅಧ್ಯಯನಗಳು ತೋರಿಸಿವೆ. ಆದ್ದರಿಂದ ಇಲ್ಲಿ ವಂಶಕ್ಕೂ ಆಹಾರಕ್ಕೂ ಪ್ರತ್ಯೇಕ ಸಾಕ್ಷ್ಯ ಬೇಕು.

ತಪ್ಪು ಕಲ್ಪನೆ ಬೇರೂರಿದ್ದಕ್ಕೆ ಪಳೆಯುಳಿಕೆಗಳು ಬಿಡಿಬಿಡಿಯಾಗಿ ಸಿಕ್ಕಿದ್ದೇ ಮೊದಲ ಕಾರಣ. ಪ್ಯಾರಿಸ್ ಬಳಿಯ ಮ್ಯೂಡಾನ್‌ನಲ್ಲಿ ಸಿಕ್ಕ ಕಾಲಿನ ಮೂಳೆಯೊಂದನ್ನು ಎಡ್ಮಂಡ್ ಎಬೇರ್ 1855ರಲ್ಲಿ ವಿವರಿಸಿ, ಅದನ್ನು ಪತ್ತೆಹಚ್ಚಿದ ಗ್ಯಾಸ್ಟನ್ ಪ್ಲಾಂಟೆಯ ಹೆಸರನ್ನೇ ಹಕ್ಕಿಗೆ ಇಟ್ಟರು. (ಸೀಸ-ಆಮ್ಲ ಬ್ಯಾಟರಿಯನ್ನು 1859ರಲ್ಲಿ ರೂಪಿಸಿದ ಪ್ಲಾಂಟೆ ಇವರೇ.) 1881ರಲ್ಲಿ ವಿಕ್ಟರ್ ಲೆಮ್ವಾನ್ ರೇಮ್ಸ್ ಸುತ್ತಲಿನ ಮೂಳೆಗಳಿಂದ ಪೂರ್ಣ ಅಸ್ಥಿಪಂಜರದ ಚಿತ್ರ ರಚಿಸಿದರು. ಆದರೆ ಅದರಲ್ಲಿ ಬೇರೆ ಪ್ರಾಣಿಗಳ ಮೂಳೆಗಳೂ ಬೆರೆತಿದ್ದವು. ಈ ನಡುವೆ 1876ರಲ್ಲಿ ಎಡ್ವರ್ಡ್ ಡ್ರಿಂಕರ್ ಕೋಪ್ ನ್ಯೂ ಮೆಕ್ಸಿಕೋದ ಪಳೆಯುಳಿಕೆಗೆ ಡಯಾಟ್ರಿಮಾ ಎಂದು ಹೆಸರಿಟ್ಟಿದ್ದರು. ವಯೋಮಿಂಗ್‌ನಲ್ಲಿ ದೊರೆತ ಹೆಚ್ಚುಕಡಿಮೆ ಪೂರ್ಣ ಅಸ್ಥಿಪಂಜರವನ್ನು ಮ್ಯಾಥ್ಯೂ ಮತ್ತು ಗ್ರೇಂಜರ್ 1917ರಲ್ಲಿ ಪ್ರಕಟಿಸಿದಾಗ ಅದರ ಗಟ್ಟಿಮುಟ್ಟಾದ ಮೈಕಟ್ಟು ಲೆಮ್ವಾನ್ ಬರೆದಿದ್ದ ಸಪೂರ ಹಕ್ಕಿಯನ್ನು ಹೋಲಲಿಲ್ಲ. ಹೀಗಾಗಿ ಅಟ್ಲಾಂಟಿಕ್‌ನ ಎರಡೂ ದಡಗಳ ಈ ಹಕ್ಕಿಗಳು ಹತ್ತಿರದ ಬಂಧುಗಳೆಂಬುದು ಬಹುಕಾಲ ಮರೆಯಾಗಿಯೇ ಉಳಿಯಿತು. ಅವನ್ನು ಸಾರಸಗಳ ಗಣಕ್ಕೆ ಸೇರಿಸುವ ರೂಢಿ ಬೆಳೆಯಿತು. ದಕ್ಷಿಣ ಅಮೆರಿಕದ ಫೊರುಸ್ರಾಕಿಡ್‌ಗಳೆಂಬ ನಿಜವಾದ ಬೇಟೆಹಕ್ಕಿಗಳನ್ನೂ ಅದೇ ಗಣದಲ್ಲಿ ಇಟ್ಟಿದ್ದರಿಂದ ಅವುಗಳ ಕ್ರೌರ್ಯವನ್ನು ಇವಕ್ಕೂ ಆರೋಪಿಸುವುದು ಸುಲಭವಾಯಿತು.

ವಂಶದ ಪ್ರಶ್ನೆಗೆ ಉತ್ತರ ದವಡೆಯ ಕೀಲಿನಲ್ಲಿದೆ. ಕೋಳಿ, ನವಿಲು, ಬಾತು, ಹೆಬ್ಬಾತುಗಳಲ್ಲಿ ಕ್ವಾಡ್ರೇಟ್ ಎಂಬ ಮೂಳೆ ಕೆಳದವಡೆಯನ್ನು ಎರಡು ಉಬ್ಬುಗಳಿಂದ ಕೂಡುತ್ತದೆ. ಇತರ ಹೆಚ್ಚಿನ ಹಕ್ಕಿಗಳಲ್ಲಿ ಮೂರು ಉಬ್ಬುಗಳಿರುತ್ತವೆ. ಕೆಳದವಡೆಯ ಹಿಂತುದಿ ಅಲಗಿನಂತೆ ಹಿಂದಕ್ಕೆ ಚಾಚಿರುವುದೂ ಈ ಗುಂಪಿನ ಗುರುತು. ಇಂಥ ಲಕ್ಷಣಗಳನ್ನು ಆಧರಿಸಿ ಆಲನ್ ಆಂಡೋರ್ಸ್ 1992ರಲ್ಲಿ ಡಯಾಟ್ರಿಮಾವನ್ನು ಬಾತುಗಳ ನಂಟಿಗೆ ತಂದರು. ಆಮೇಲಿನ ವಿಶ್ಲೇಷಣೆಗಳು ಅದನ್ನು ಬಲಪಡಿಸಿವೆ. ದೈತ್ಯ ಗಾತ್ರವೂ ಹಾರದ ಬದುಕೂ ಸಂಬಂಧವಿಲ್ಲದ ಹಕ್ಕಿಗಳನ್ನು ಒಂದೇ ಅಚ್ಚಿಗೆ ತರಬಲ್ಲವು, ಈ ಹೋಲಿಕೆಯೂ ಅಂಥದ್ದೇ ಇರಬಹುದು ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ರೆಕ್ಕೆ ಮೊಟಕಾಗುವುದು, ಕಾಲು ದಪ್ಪವಾಗುವುದು ಇವೆಲ್ಲ ಹಾಗೆ ಬರುವ ಹೋಲಿಕೆಗಳೇ. ಅವನ್ನು ನಂಟಿನ ಪುರಾವೆಯಾಗಿ ಬಳಸಬಾರದು. ಆದರೆ ದವಡೆಯ ಈ ರಚನೆ ಗಾತ್ರದ ಫಲವಲ್ಲ. ಹಾಗಿದ್ದರೆ ಉಷ್ಟ್ರಪಕ್ಷಿಯಲ್ಲೂ ಅದು ಇರಬೇಕಿತ್ತು, ಅಲ್ಲಿ ಅದಿಲ್ಲ. ಕೈಗಾತ್ರದ ಬಾತಿನಲ್ಲಿ ಇದೆ. ಇಷ್ಟು ಹಳೆಯ ಮೂಳೆಯಲ್ಲಿ ಡಿಎನ್‌ಎ ಉಳಿಯದಿರುವಾಗ ಇದಕ್ಕಿಂತ ಗಟ್ಟಿಯಾದ ಸಾಕ್ಷಿ ಸಿಗುವುದು ಕಷ್ಟ. ಗ್ಯಾಸ್ಟಾರ್ನಿಸ್ ಬಾತುಗಳ ಗಣದ ಒಳಗಿನದೋ ಪಕ್ಕದ ಕವಲೋ, ಆಸ್ಟ್ರೇಲಿಯದ ಡ್ರೊಮೊರ್ನಿತಿಡ್ ದೈತ್ಯರಿಗೆ ಎಷ್ಟು ಹತ್ತಿರ ಎಂಬ ಚರ್ಚೆ ಮುಂದುವರಿದಿದೆ. ಆ ಚರ್ಚೆಯಾದರೂ ಈ ವಂಶದ ಒಳಗೇ ನಡೆಯುತ್ತಿದೆ.

ಆಹಾರದ ವಿಷಯದಲ್ಲಿ ಅತ್ಯಂತ ಗಂಭೀರ ಪ್ರತಿವಾದ ವಿಟ್ಮರ್ ಮತ್ತು ರೋಸ್ ಅವರದು. ಈ ಕೊಕ್ಕಿನ ಬಲ ಎಲೆ ಕೀಳುವುದಕ್ಕೆ ಬೇಕಾದ್ದಕ್ಕಿಂತ ಎಷ್ಟೋ ಹೆಚ್ಚು, ಮೂಳೆ ಪುಡಿಮಾಡಲು ತಕ್ಕದ್ದು ಎಂದು ಅವರು 1991ರಲ್ಲಿ ವಾದಿಸಿದರು. ಬಲದ ಲೆಕ್ಕ ಸರಿಯೇ ಇರಬಹುದು. ಅದರಿಂದ ತೆಗೆದ ತೀರ್ಮಾನ ಮಾತ್ರ ಅನಿವಾರ್ಯವಲ್ಲ. ಗಟ್ಟಿ ಬೀಜ ಒಡೆಯುವುದಕ್ಕೂ ಅಂಥ ಬಲ ಬೇಕು; ದೊಡ್ಡ ಗಿಳಿಗಳು ಅದನ್ನು ದಿನವೂ ತೋರಿಸುತ್ತವೆ. ಹದ್ದಿನಲ್ಲೂ ಫೊರುಸ್ರಾಕಿಡ್‌ನಲ್ಲೂ ಕಾಣುವ, ಮಾಂಸ ಸೀಳುವ ಕೊಕ್ಕಿನ ಬಾಗಿದ ಮೊನೆ ಗ್ಯಾಸ್ಟಾರ್ನಿಸ್‌ನಲ್ಲಿಲ್ಲ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ 2009ರ ಭೂಕುಸಿತವೊಂದು ಬಯಲಿಗೆ ತಂದ ದೊಡ್ಡ ಹೆಜ್ಜೆಗುರುತುಗಳನ್ನು ಸಂಶೋಧಕರು ಡಯಾಟ್ರಿಮಾದವೆಂದು ಗುರುತಿಸಿದ್ದಾರೆ. ಅವುಗಳಲ್ಲಿ ಬೇಟೆಗೆ ಬೇಕಾದ ಕೊಕ್ಕೆಯುಗುರುಗಳ ಗುರುತಿಲ್ಲ. ಜರ್ಮನಿಯ ಗೈಸೆಲ್‌ಟಾಲ್ ಕಂದು ಕಲ್ಲಿದ್ದಲು ಗಣಿಯ ಮೂಳೆಗಳ ರಾಸಾಯನಿಕ ಪರೀಕ್ಷೆ ಇನ್ನೂ ನೇರವಾದದ್ದು. ಆಹಾರ ಸರಪಳಿಯಲ್ಲಿ ಮೇಲೇರಿದಂತೆ ಮೂಳೆಯಲ್ಲಿ ಭಾರವಾದ ಕ್ಯಾಲ್ಸಿಯಂ ಐಸೊಟೋಪಿನ ಪಾಲು ತಗ್ಗುತ್ತದೆ. ಗೈಸೆಲ್‌ಟಾಲ್‌ನ ಹಕ್ಕಿಯ ಪ್ರಮಾಣ ಸಸ್ಯಾಹಾರಿಗಳದ್ದಕ್ಕೆ ಹೊಂದಿತು ಎಂದು 2013ರಲ್ಲಿ ವರದಿಯಾಯಿತು. ಮರುವರ್ಷ ಫ್ರಾನ್ಸಿನ ಮೂಳೆಗಳ ಇಂಗಾಲದ ಐಸೊಟೋಪುಗಳೂ ದವಡೆ ಸ್ನಾಯುಗಳ ಹೋಲಿಕೆಯೂ ಅದೇ ಕಡೆ ಬೆರಳು ತೋರಿಸಿದವು. ಸತ್ತ ಪ್ರಾಣಿಯ ಮಾಂಸವನ್ನು ಎಂದಾದರೂ ಕುಕ್ಕಿರಲಾರದು ಎಂದು ಇವು ಹೇಳುವುದಿಲ್ಲ, ಆದರೆ ಮಾಂಸವೇ ಮುಖ್ಯ ಆಹಾರವಾಗಿದ್ದರೆ ಮೂಳೆಯ ರಸಾಯನ ಹೀಗಿರುತ್ತಿರಲಿಲ್ಲ.

ಅಮೆರಿಕದ ಡಯಾಟ್ರಿಮಾವನ್ನು ಗ್ಯಾಸ್ಟಾರ್ನಿಸ್‌ನೊಳಗೇ ಸೇರಿಸುವ ಪದ್ಧತಿ ಇತ್ತೀಚಿನವರೆಗೆ ಚಾಲ್ತಿಯಲ್ಲಿತ್ತು. 2024ರಲ್ಲಿ ಅವನ್ನು ಮತ್ತೆ ಬೇರೆ ಬೇರೆ ಜಾತಿಗಳೆಂದು ವಾದಿಸಲಾಗಿದೆ. ಹೆಸರು ಏನೇ ಆದರೂ ಇವು ಒಂದೇ ಕುಟುಂಬದವು, ಹಾರಲಾರದವು. ಒಂದು ಖಂಡದಿಂದ ಇನ್ನೊಂದಕ್ಕೆ ನೆಲದ ಮೇಲೆ ನಡೆದೇ ಹೋಗಿರಬೇಕು. ಕೆನಡಾದ ಉತ್ತರ ತುದಿಯ ಎಲ್ಸ್ಮಿಯರ್ ದ್ವೀಪದಲ್ಲಿ, ಸುಮಾರು 5.3 ಕೋಟಿ ವರ್ಷಗಳಷ್ಟು ಹಳೆಯ ಪದರದಲ್ಲಿ ಸಿಕ್ಕ ಈ ಕುಟುಂಬದ ಬೆರಳಿನ ಮೂಳೆಯೊಂದು ಆರ್ಕ್ಟಿಕ್ ದಾರಿಯ ಕಡೆಗೆ ಗಮನ ಸೆಳೆದಿದೆ. ಆಗ ಅಲ್ಲಿ ಮೊಸಳೆಯ ಬಂಧುಗಳೂ ಆಮೆಗಳೂ ಇದ್ದ ಬೆಚ್ಚನೆಯ ಜೌಗು ಕಾಡುಗಳಿದ್ದವು.