ಸಂಪುಟದ ಸಂಖ್ಯೆ, ಓದಿನ ಸರದಿ

ಅಂಬೇಡ್ಕರ್ ಅವರನ್ನು ಎಲ್ಲಿಂದ ಓದಲು ಹಿಡಿಯಬೇಕು ಎಂಬುದು ಮೇಲ್ನೋಟಕ್ಕೆ ಗ್ರಂಥಾಲಯದ ಪ್ರಶ್ನೆ. ಆದರೆ ಸಿಂಧನೂರು, ಲಿಂಗಸುಗೂರು, ಮಸ್ಕಿಯ ಕಡೆಯ ವಿದ್ಯಾರ್ಥಿಗಳು ಅದನ್ನು ಕೇಳುವಾಗ ದನಿಯಲ್ಲಿ ಒಂದು ಅಂಜಿಕೆ ಇರುತ್ತದೆ. 'ಸರ್, ಒಂದನೇ ಸಂಪುಟದಿಂದನ ಹಿಡೀಬೇಕೇನ್ರಿ? ನಡುವಿಂದ ಓದಿದ್ರ ತಪ್ಪಾಗ್ತದೇನ್ರಿ?' ತಪ್ಪಾಗುತ್ತದೆ ಎಂದು ಇವರಿಗೆ ಹೇಳಿಕೊಟ್ಟವರು ಯಾರು? ಇದು ಮೊದಲು, ಅದು ಆಮೇಲೆ, ಮತ್ತೊಂದು ನಿನಗಲ್ಲವೇ ಅಲ್ಲ ಎಂದು ಅಕ್ಷರಕ್ಕೆ ಮೆಟ್ಟಿಲು ಕಟ್ಟಿದ್ದು ಅಧಿಕಾರಿಭೇದದ ಪರಂಪರೆ. ಅದು ಸತ್ತಿಲ್ಲ, ವೇಷ ಬದಲಿಸಿದೆ. ದಲಿತ ಹುಡುಗನೊಬ್ಬ ಸಭೆಯಲ್ಲಿ ಎದ್ದು ನಿಂತರೆ 'ಎಲ್ಲಾ ಸಂಪುಟ ಓದೀಯೇನು?' ಎಂಬ ಮಾತು ಬರುತ್ತದೆ. ಗಾಂಧಿಯವರ ಸಮಗ್ರ ಬರಹ ಇಂಗ್ಲಿಷಿನಲ್ಲಿ 100 ಸಂಪುಟ. ಗಾಂಧಿಯ ಬಗ್ಗೆ ಮಾತಾಡುವವರಿಗೆ ಆ ಲೆಕ್ಕ ಯಾರೂ ಕೇಳಿದ್ದನ್ನು ನಾನು ಕಂಡಿಲ್ಲ.

ಮೊದಲು ಈ ಸಂಖ್ಯೆಗಳು ಎಲ್ಲಿಂದ ಬಂದವು ನೋಡೋಣ. ವಸಂತ ಮೂನ್ ಅವರ ಸಂಪಾದಕತ್ವದಲ್ಲಿ ಮಹಾರಾಷ್ಟ್ರ ಸರ್ಕಾರ 1979ರಲ್ಲಿ ಮೊದಲ ಸಂಪುಟ ತಂದಿತು. ಅದು ವಿಷಯವಾರು ಜೋಡಣೆ, ಕಾಲವಾರು ಅಲ್ಲ. ಆ ಒಂದೇ ಸಂಪುಟದೊಳಗೆ ಓದುಗ 1916ರ ಕೊಲಂಬಿಯಾ ಪ್ರಬಂಧದಿಂದ 1936ರ ಜಾತಿವಿನಾಶಕ್ಕೆ ಬರುತ್ತಾನೆ. ಅಲ್ಲಿಂದ 1955ರ ಭಾಷಾವಾರು ರಾಜ್ಯಗಳಿಗೆ ಹಾರಿ, ರಾನಡೆ–ಗಾಂಧಿ–ಜಿನ್ನಾ ಕುರಿತ 1943ರ ಭಾಷಣಕ್ಕೆ ಹಿಂದೆ ಸರಿದು, 1919ರ ಸೌತ್‌ಬರೋ ಸಮಿತಿಯ ಸಾಕ್ಷ್ಯಕ್ಕೆ ಇಳಿಯುತ್ತಾನೆ. ಅಂದರೆ 'ಕ್ರಮವಾಗಿ' ಓದಿದವನೇ ಕಾಲದಲ್ಲಿ ಹೆಚ್ಚು ದಿಕ್ಕುತಪ್ಪಿ ಅಲೆದಿರುತ್ತಾನೆ! ಹಿಂದೂ ಧರ್ಮದ ಒಗಟುಗಳ ಕುರಿತ ನಾಲ್ಕನೇ ಸಂಪುಟ ಅಚ್ಚಾಗಿದ್ದು 1987ರಲ್ಲಿ, ಬರೆದಾತ ತೀರಿಕೊಂಡು ಮೂವತ್ತು ವರ್ಷ ಕಳೆದ ಮೇಲೆ. ಅಚ್ಚಾದ ಕೂಡಲೇ ಮಹಾರಾಷ್ಟ್ರದ ಬೀದಿಗಳಲ್ಲಿ ಗಲಾಟೆ. ಬಾಲ್ಯದ ಅವಮಾನಗಳಿಂದ ಶುರುವಾಗುವ 'ವೀಸಾಕ್ಕಾಗಿ ಕಾಯುತ್ತಾ' ಇರುವುದು 12ನೇ ಸಂಪುಟದಲ್ಲಿ. ನಮ್ಮ ಹುಡುಗರು ಮೊದಲು ಓದಬೇಕಾದದ್ದು ಅದನ್ನೇ ಎಂದು ನನ್ನ ಹಠ.

ಮಸ್ಕಿಯ ಬಂಡೆಯೂ ಇದನ್ನೇ ಹೇಳುತ್ತದೆ. ಪ್ರಿನ್ಸೆಪ್ ಬ್ರಾಹ್ಮಿ ಲಿಪಿಯನ್ನು ಬಿಡಿಸಿದ್ದು 1837ರಲ್ಲಿ. ಓದಲು ಬಂತು, ಆದರೆ ಕಲ್ಲುಗಳ ಮೇಲೆ ಇದ್ದದ್ದು ದೇವರಿಗೆ ಪ್ರಿಯನಾದ ಪ್ರಿಯದರ್ಶಿ ಎಂಬ ಬಿರುದು ಮಾತ್ರ. ಅವನೇ ಅಶೋಕ ಎಂದು ಸಿಂಹಳದ ಪಾಲಿ ವೃತ್ತಾಂತಗಳ ಬಲದಿಂದ ಹೇಳಬೇಕಾಯಿತು. ಆಗ ಲಿಂಗಸುಗೂರು ಸೀಮೆ ನಿಜಾಮನ ಆಳ್ವಿಕೆಯಲ್ಲಿತ್ತು. ಚಿನ್ನದ ಗಣಿಯ ಎಂಜಿನಿಯರ್ ಬೀಡನ್ 1915ರಲ್ಲಿ ಮಸ್ಕಿಯ ಶಾಸನ ಕಂಡ ಮೇಲೆ ಅಶೋಕನ ಹೆಸರು ಕಲ್ಲಿನ ಮೇಲೆಯೇ ಸಿಕ್ಕಿತು. ನಮ್ಮ ಹೊಳೆಯಾಚೆಯ ನಿಟ್ಟೂರು, ಉಡೇಗೋಳದ ಶಾಸನಗಳಲ್ಲೂ ಹೆಸರಿದೆ, ಆದರೆ ಅವು ಬೆಳಕಿಗೆ ಬಂದದ್ದು 1970ರ ದಶಕದಲ್ಲಿ. ವಿಶೇಷವೆಂದರೆ ಈ ಕಿರು ಶಾಸನವನ್ನು ಅಶೋಕನ ಬರಹಗಳಲ್ಲೇ ಮೊದಲಿನದ್ದೆಂದು ವಿದ್ವಾಂಸರು ಎಣಿಸುತ್ತಾರೆ. ತಾನು ಬುದ್ಧನ ಉಪಾಸಕನೆಂದು ಅವನು ಹೇಳಿಕೊಳ್ಳುವುದೂ, ದೊಡ್ಡವರಿಗಷ್ಟೇ ಅಲ್ಲ ಸಣ್ಣವರಿಗೂ ಇದು ಎಟುಕುತ್ತದೆನ್ನುವುದೂ ಇದರಲ್ಲೇ. ಹೀಗೆ ಮೊದಲು ಬರೆದ ಮಾತಿನ ಪೂರ್ತಿ ಅರ್ಥ ಕೊನೆಗೆ ದಕ್ಕಿತು. ಹದಿನಾಲ್ಕು ಬಂಡೆಶಾಸನಗಳ ಸಂಖ್ಯೆ ಇಟ್ಟವರೂ ಆಧುನಿಕ ವಿದ್ವಾಂಸರೇ. 1989ರಲ್ಲಿ ಸನ್ನತಿಯಲ್ಲಿ ಸಿಕ್ಕ ಕಲ್ಲಿನಲ್ಲಿ ಆ ಸರಣಿಯ 12 ಮತ್ತು 14, ಜೊತೆಗೆ ಎರಡು ಪ್ರತ್ಯೇಕ ಶಾಸನಗಳಿವೆ. ಉಳಿದದ್ದಿಲ್ಲ ಎಂದು ಇತಿಹಾಸಕಾರರು ಅದನ್ನು ಓದದೆ ಬಿಟ್ಟರೇ? ನಮ್ಮ ತಾಲೂಕು ಗ್ರಂಥಾಲಯಗಳ ಕಪಾಟಿನಲ್ಲೂ ಸಂಪುಟಗಳು ಹಿಂಗ, ಒಂದಿದ್ದರೆ ಒಂದಿಲ್ಲ.

ಹಾಗೆಂದು ಎಲ್ಲಿ ಬೇಕಾದರೂ ಕೈಹಾಕಿ ಒಂದು ಸಾಲು ಕಿತ್ತು ತರುವುದನ್ನು ನಾನು ಒಪ್ಪುವುದಿಲ್ಲ. ಈಗ ಆ ಹುನ್ನಾರ ಜೋರಾಗಿದೆ. ಪಾಕಿಸ್ತಾನದ ಕುರಿತ ಪುಸ್ತಕದಿಂದ ಎರಡು ವಾಕ್ಯ ಹಿರಿದು ಬಾಬಾಸಾಹೇಬರನ್ನು ತಮ್ಮ ಪಂಕ್ತಿಯಲ್ಲಿ ಕೂರಿಸಿಕೊಳ್ಳುವ ಮಂದಿ ಅದು 1940ರಲ್ಲಿ, ಯಾವ ವಾದದ ನಡುವೆ ಬಂತೆಂದು ಹೇಳುವುದಿಲ್ಲ. ಸಂಪುಟದ ಕ್ರಮ ಬಿಟ್ಟರೂ ನಡೆದೀತು, ಇಸವಿ ಬಿಟ್ಟರೆ ನಡೆಯದು. ಕ್ರಮವೇ ಮುಖ್ಯವಾಗುವ ಜಾಗಗಳೂ ಇವೆ. ಶೂದ್ರರನ್ನು ಕುರಿತ 1946ರ ಗ್ರಂಥದ ಮುಂದುವರಿಕೆ ಎಂದೇ 1948ರ 'ಅಸ್ಪೃಶ್ಯರು' ಗ್ರಂಥವನ್ನು ಅವರು ಮುಂದಿಟ್ಟರು. ಅವೆರಡನ್ನು ಹಿಂದುಮುಂದು ಮಾಡಬಾರದು.

ಆ ಎರಡನೆಯ ಗ್ರಂಥದಲ್ಲಿ ಅಂಬೇಡ್ಕರರ ಓದುವ ಬಗೆಯನ್ನೇ ಗಮನಿಸಿರಿ. ಅಶೋಕ ಗೋಹತ್ಯೆ ನಿಷೇಧಿಸಿದನೇ ಎಂಬ ಪ್ರಶ್ನೆ ಹಿಡಿದು ಅವರು ಮೊದಲ ಬಂಡೆಶಾಸನದಿಂದ ಎರಡನೇ ಮತ್ತು ಐದನೇ ಸ್ತಂಭಶಾಸನಗಳಿಗೆ ಹೋಗುತ್ತಾರೆ. ಗೋವಿನ ಪಾವಿತ್ರ್ಯದ ಬಗ್ಗೆ ಅಶೋಕನಿಗೆ ವಿಶೇಷ ಆಸ್ಥೆ ಇರಲಿಲ್ಲವೆಂಬುದು ಅವರ ತೀರ್ಮಾನ. ಸರಣಿ ಪೂರ್ತಿ ಮಾಡುವುದು ಅವರ ಕೆಲಸವಾಗಿರಲಿಲ್ಲ. ಪ್ರಶ್ನೆ ಎಲ್ಲಿಗೆ ಕರೆದೊಯ್ದಿತೋ ಅಲ್ಲಿಗೆ ಹೋದರು.

ಸಿಂಧನೂರಿನವರ ಪ್ರಶ್ನೆ ಭೂಮಿಯದು. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನ ಹಿಂದೆ ಆಂಧ್ರದ ಕಡೆಯವರು ಬಂದು ಹೊಲ ಕೊಂಡು ಕ್ಯಾಂಪು ಕಟ್ಟಿದರು. ಭತ್ತ ಬೆಳೆಯಿತು, ಹೊಲ ಇಲ್ಲದವರು ನಾಟಿಗೆ ಹೋದರು. ಅವರ ಮನೆಯ ಮಕ್ಕಳಿಗೆ ನಾನು ಮೊದಲ ಸಂಪುಟವನ್ನು ಹಿಂದಿನಿಂದ ತೆರೆದುಕೊಡುತ್ತೇನೆ. ಸಣ್ಣ ಹಿಡುವಳಿಗಳ ಬಗ್ಗೆ 1918ರ ಲೇಖನ ಇರುವುದು ಕೊನೆಯ ಕಡೆಗೆ. ಎಕರೆ ಲೆಕ್ಕವೊಂದೇ ಸಾಲದು, ಆ ಭೂಮಿಗೆ ಬಂಡವಾಳ, ದುಡಿಮೆ ಎಷ್ಟು ಕೂಡಿತು ನೋಡಿ, ಬೇಸಾಯದ ಮೇಲಿನ ಜನರ ಒತ್ತಡ ಇಳಿಯಲು ಕೈಗಾರಿಕೆ ಬೆಳೆಯಲಿ ಎನ್ನುತ್ತಾರೆ ಅಲ್ಲಿ. ಆಮೇಲೆ ಕೆಲವು ಪುಟ ಹಿಂದಕ್ಕೆ ಬಂದರೆ 1947ರ 'ಪ್ರಭುತ್ವ ಮತ್ತು ಅಲ್ಪಸಂಖ್ಯಾತರು'. ಅಲ್ಲಿ ಬೇಸಾಯವೇ ಸರ್ಕಾರದ ಉದ್ಯಮವಾಗಬೇಕು, ಭೂಮಾಲೀಕ, ಗೇಣಿದಾರ, ಭೂಹೀನ ಕೂಲಿ ಎಂಬುವರೇ ಇರಬಾರದು. ಇಪ್ಪತ್ತೊಂಬತ್ತು ವರ್ಷಗಳಲ್ಲಿ ಈ ವಿಚಾರ ಎಲ್ಲಿಂದ ಎಲ್ಲಿಗೆ ಬಂತು ಎಂದು ಒಬ್ಬ ವಿದ್ಯಾರ್ಥಿನಿ ಹೋದ ಸುಗ್ಗಿಯಿಂದ ಟಿಪ್ಪಣಿ ಬರೆಯುತ್ತಿದ್ದಾಳೆ. ಎರಡನೇ ಸಂಪುಟವನ್ನು ಅವಳಿನ್ನೂ ಮುಟ್ಟಿಲ್ಲ.