ಊರು ನುಂಗಿದ ಕಲ್ಲು, ಕಲ್ಲು ನುಂಗಿದ ಊರು

ಇಂಗ್ಲೆಂಡಿನ ಹಳೇ ಕಲ್ಲುಗಳು ಅಂದ್ರೆ ಎಲ್ಲರೂ ಸ್ಟೋನ್‌ಹೆಂಜಿಗೇ ಓಡ್ತಾರೆ. ಅಲ್ಲಿ ಹಗ್ಗದ ಈಚೆ ನಿಂತು ಫೋಟೋ ತೆಗೆದು ವಾಪಸ್ಸು. ಅಲ್ಲಿಂದ ಸುಮಾರು 30 ಕಿ.ಮೀ. ಉತ್ತರಕ್ಕೆ, ಅದೇ ವಿಲ್ಟ್‌ಶೈರಿನಲ್ಲಿ ಏವ್‌ಬರಿ ಅಂತ ಒಂದು ಹಳ್ಳಿಯಿದೆ. ಜಗತ್ತಿನ ಅತಿ ದೊಡ್ಡ ಕಲ್ಲಿನ ವೃತ್ತ ಇರೋದು ಇಲ್ಲಿ. ಹಗ್ಗ ಇಲ್ಲ, ಕಲ್ಲಿಗೆ ಬೆನ್ನು ಕೊಟ್ಟು ಕೂತು ಬುತ್ತಿ ಬಿಚ್ಚಬಹುದು. ಸುತ್ತ ಕುರಿಗಳು ಮೇಯ್ತಾ ಇರ್ತವೆ. ತಮಾಷೆ ಅಂದ್ರೆ ಈ ವೃತ್ತದ ಒಳಗೇ ರಸ್ತೆ, ಮನೆಗಳು, ರೆಡ್ ಲಯನ್ ಅನ್ನೋ ಪಬ್ಬು!

ಕಟ್ಟಿದ್ದು ಹೆಚ್ಚುಕಮ್ಮಿ ಕ್ರಿ.ಪೂ. 2850ರಿಂದ 2200ರ ನಡುವೆ, ಹಂತಹಂತವಾಗಿ. ಸುತ್ತಲಿನ ಕಂದಕ ಮೊದಲು ಸುಮಾರು 9 ಮೀಟರ್ ಆಳ ಇತ್ತಂತೆ. ಸೀಮೆಸುಣ್ಣದಂಥ ಬಿಳಿ ಕಲ್ಲನ್ನು ಜಿಂಕೆ ಕೊಂಬುಗಳಿಂದ ಅಗೆದು ತೆಗೆದದ್ದು. ಹೊರಗಿನ ವೃತ್ತದಲ್ಲಿ ಸುಮಾರು 100 ಕಲ್ಲು, ಒಳಗೆ ಮತ್ತೆರಡು ವೃತ್ತ. ಇವತ್ತು ನೋಡಿದರೆ ಬಹುಪಾಲು ಕಲ್ಲುಗಳೇ ಇಲ್ಲ. ಎಲ್ಲಿ ಹೋದವು?

ಕೆಲವನ್ನು 14ನೇ ಶತಮಾನದ ಹೊತ್ತಿಗೆ ಊರಿನವರೇ ಗುಂಡಿ ತೋಡಿ ಉರುಳಿಸಿ ಹೂತರು. ದೆವ್ವದ ಕಲ್ಲುಗಳು ಅನ್ನೋ ಭಯ ಕಾರಣ ಅಂತಾರೆ. 1938ರಲ್ಲಿ ಅಂಥ ಒಂದು ಕಲ್ಲಿನಡಿ ಮನುಷ್ಯನ ಅಸ್ಥಿಪಂಜರ ಸಿಕ್ಕಿತು. ಜೊತೆಗೊಂದು ಕತ್ತರಿ, ಕೆಲವು ಬೆಳ್ಳಿ ನಾಣ್ಯ. ಕ್ಷೌರಿಕ-ವೈದ್ಯ ಇರಬೇಕು, ಕಲ್ಲು ಉರುಳಿಸುವಾಗ ಸಿಕ್ಕಿ ಸತ್ತ ಅಂತ ಕಥೆಯಾಯಿತು. ಆ ಮೂಳೆಗಳು ಲಂಡನ್ನಿನಲ್ಲಿ 1941ರ ಬಾಂಬಿಗೆ ನಾಶವಾದವು ಅಂತಲೇ ಎಲ್ಲರೂ ನಂಬಿದ್ದರು. 1990ರ ದಶಕದ ಕೊನೆಗೆ ಅವು ಮತ್ತೆ ಸಿಕ್ಕವು. ಪರೀಕ್ಷಿಸಿದರೆ ಜಜ್ಜಿ ಸತ್ತ ಗುರುತೇ ಇಲ್ಲ! ಪಾಪ, ಸತ್ತವನನ್ನು ತಂದು ಅಲ್ಲಿ ಹೂತಿದ್ದರೋ ಏನೋ.

ಆಮೇಲೆ ಬಂದದ್ದು ಭಯವಲ್ಲ, ವ್ಯವಹಾರ. 17-18ನೇ ಶತಮಾನದಲ್ಲಿ ಕಲ್ಲಿನ ಸುತ್ತ ಹುಲ್ಲು ಸೌದೆ ಒಟ್ಟಿ ಬೆಂಕಿ ಹಾಕಿ, ಕಾದ ಮೇಲೆ ತಣ್ಣೀರು ಸುರಿದು, ಸುತ್ತಿಗೆಯಿಂದ ಹೊಡೆದು ಒಡೆದರು. ಆ ತುಂಡುಗಳಿಂದ ಮನೆ ಕಟ್ಟಿದರು. 1720ರ ಆಸುಪಾಸಿನಲ್ಲಿ ವಿಲಿಯಂ ಸ್ಟೂಕ್ಲಿ ಅನ್ನುವವನು ಇದನ್ನೆಲ್ಲ ನೋಡುತ್ತಾ, ಗೋಳಾಡುತ್ತಾ, ಚಿತ್ರ ಬರೆದಿಟ್ಟ. ಒಡೆಯುವವರ ಹೆಸರನ್ನೂ ಬಿಡಲಿಲ್ಲ. ಅವನ ಪುಣ್ಯದಿಂದ ಯಾವ ಕಲ್ಲು ಎಲ್ಲಿತ್ತು ಅಂತ ನಮಗೆ ಗೊತ್ತು. ಊರಿನ ಗೋಡೆಗಳನ್ನು ನೋಡುತ್ತಾ ನಡೆದರೆ ನನಗಂತೂ ಆ ಒಡೆದವರ ಮೇಲೆ ಸಿಟ್ಟು ಬರಲಿಲ್ಲ. ಹೊಲದಲ್ಲಿ ಕಲ್ಲಿದೆ, ಮನೆಗೆ ಗೋಡೆ ಬೇಕು... ನಮ್ಮ ಕಡೆ ಹಾಳು ಕೋಟೆಯ ಕಲ್ಲು ದನದ ಕೊಟ್ಟಿಗೆ ಸೇರಿದ್ದು ಕಡಿಮೆಯೇ?

ಕಥೆ ತಿರುಗುವುದು 1930ರ ದಶಕದಲ್ಲಿ. ಡಂಡೀಯ ಮಾರ್ಮಲೇಡ್ ವ್ಯಾಪಾರದ ಕುಟುಂಬದ ಅಲೆಕ್ಸಾಂಡರ್ ಕೀಲರ್ ಇಲ್ಲಿ ಜಮೀನು ಕೊಂಡ. ಹೂತ ಕಲ್ಲುಗಳನ್ನು ಎಬ್ಬಿಸಿ ನಿಲ್ಲಿಸಿದ, ಇಲ್ಲದ ಕಲ್ಲುಗಳ ಜಾಗಕ್ಕೆ ಕಾಂಕ್ರೀಟ್ ಗುರುತು ನೆಟ್ಟ. ವೃತ್ತದೊಳಗಿನ ಮನೆ, ಕೊಟ್ಟಿಗೆಗಳನ್ನು ಕೆಡವಿಸುವ ಕೆಲಸವೂ ಶುರುವಾಯಿತು. 1943ರಲ್ಲಿ ಎಲ್ಲವನ್ನೂ ನ್ಯಾಷನಲ್ ಟ್ರಸ್ಟಿಗೆ 12,000 ಪೌಂಡಿಗೆ ಮಾರಿದ. ಅವನ ನಂತರವೂ ಮನೆಗಳು ಬೀಳುತ್ತಲೇ ಹೋದವು. ಅಲ್ಲಿದ್ದವರಲ್ಲಿ ಹಲವರು ಹತ್ತಿರದ ಏವ್‌ಬರಿ ಟ್ರಸ್ಲೋಗೆ ಹೋದರು.

ಕೀಲರ್ ಇಲ್ಲದಿದ್ದರೆ ನಾನು ಅಲ್ಲಿ ನೋಡಿದ್ದರಲ್ಲಿ ಅರ್ಧ ಇರುತ್ತಿರಲಿಲ್ಲ, ಒಪ್ಪುತ್ತೇನೆ. ಆದರೂ ನೂರಾರು ವರ್ಷ ಊರಾಗಿದ್ದ ಜಾಗ ಅದು. ಐದು ಸಾವಿರ ವರ್ಷದ ಹಿಂದಿನವರ ನೆನಪಿಗಾಗಿ ನಿನ್ನೆ ಮೊನ್ನೆಯವರ ಒಲೆ ಆರಿಸಬೇಕಿತ್ತಾ? ನನಗೆ ಹಂಪಿ ನೆನಪಾಯಿತು. ಏವ್‌ಬರಿ, ಹಂಪಿ ಎರಡೂ 1986ರಲ್ಲೇ ವಿಶ್ವಪರಂಪರೆ ಪಟ್ಟಿಗೆ ಸೇರಿದವು. 2011ರಲ್ಲಿ ಹಂಪಿ ಬಜಾರಿನ ಮನೆ-ಅಂಗಡಿಗಳ ಮೇಲೆ ಜೆಸಿಬಿ ಬಂತು. ಏವ್‌ಬರಿಯಲ್ಲಿ ಪಬ್ಬು ಮಾತ್ರ ಉಳಿಯಿತು ನೋಡಿ, ಜೊತೆಗೆ ಒಂದಷ್ಟು ಮನೆಗಳು. ಹಂಪಿ ಬಜಾರಿನಲ್ಲಿದ್ದ ಯಾರಾದರೂ ಇದನ್ನು ಓದುತ್ತಿದ್ದರೆ, ನಿಮ್ಮ ಅನುಭವ ಬರೆಯಿರಿ.

ಪಕ್ಕದಲ್ಲೇ ಸಿಲ್ಬರಿ ಅನ್ನೋ ಮನುಷ್ಯರೇ ಪೇರಿಸಿದ ಗುಡ್ಡ ಇದೆ. ಅದರ ಬಗ್ಗೆ ಇನ್ನೊಮ್ಮೆ ಬರೀತೀನಿ.